ನನ್ನ ಕೈ ಹಿಡಿದದ್ದು ಊಟದ ನಂತರದ ನಡಿಗೆ

ನನ್ನ ಎಚ್‌ಬಿಎ1ಸಿ, ಅಂದರೆ ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ, 6.1 ಅಂತ ಬಂತು. 5.7ರಿಂದ 6.4ರವರೆಗೆ ಪ್ರಿಡಯಾಬಿಟಿಸ್, ಅಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲು, 6.5 ಮುಟ್ಟಿದರೆ ಸಕ್ಕರೆ ಕಾಯಿಲೆ. ಡಾಕ್ಟರು ಮಾತ್ರೆ ಬರೆಯಲಿಲ್ಲ. ಊಟ, ಓಡಾಟ ನೋಡಿಕೊಳ್ಳಿ ಎಂದರು.

ಸಿಹಿ ಪಾನೀಯ, ಹಣ್ಣಿನ ಜ್ಯೂಸ್ ಬಿಟ್ಟೆ. ಅದರಲ್ಲಿ ಯೋಚಿಸುವಂಥದ್ದೇನೂ ಇಲ್ಲ. ಹಣ್ಣು ಬಿಡಲಿಲ್ಲ, ಕಚ್ಚಿ ತಿಂದರೆ ನಾರಿನಂಶವೂ ಜೊತೆಗೆ ಹೋಗುತ್ತದೆ ಅಲ್ವಾ. ಆದರೆ ಜಾಸ್ತಿ ವ್ಯತ್ಯಾಸ ಕಂಡದ್ದು ಬೇರೆ ಕಡೆ.

ಗ್ಲುಕೋಮೀಟರ್ ತಂದು, ಊಟ ಶುರು ಮಾಡಿದ ಎರಡು ಗಂಟೆಗೆ ಸಕ್ಕರೆ ನೋಡತೊಡಗಿದೆ. ಬೆರಳ ತುದಿಗೆ ಚುಚ್ಚಬೇಡಿ, ಪಕ್ಕಕ್ಕೆ ಚುಚ್ಚಿ, ನೋವು ಕಮ್ಮಿ. ಅದಕ್ಕೂ ಮುಂಚೆ ಕೈಗೆ ಸೋಪು ಹಾಕಿ ತೊಳೆದು, ಚೆನ್ನಾಗಿ ಒರೆಸಿಕೊಳ್ಳಿ. ಹಣ್ಣು ಸುಲಿದ ಬೆರಳಿಗೆ ಅಂಟಿದ ರಸ ಸಾಕು, ರಕ್ತದಲ್ಲಿ ಇಲ್ಲದ ಸಕ್ಕರೆಯನ್ನೂ ಮೀಟರು ತೋರಿಸಿಬಿಡುತ್ತದೆ.

ಅದೇ ಊಟ, ಅದೇ ಅಳತೆ. ತಿಂದು ಕುರ್ಚಿಗೆ ಒರಗಿದ ದಿನ ಅಂಕಿ ಮೇಲೆ, ಎದ್ದು ಹತ್ತು ಹದಿನೈದು ನಿಮಿಷ ನಡೆದ ದಿನ ಕೆಳಗೆ. ಸ್ನಾಯು ದುಡಿಯುವಾಗ ಇನ್ಸುಲಿನ್‌ಗೆ ಕಾಯದೆಯೇ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಬಿರುಸಾಗಿ ಹೋಗಬೇಕಿಲ್ಲ, ಮಾತಾಡಿಕೊಂಡು ನಡೆದರೂ ಆಯ್ತು. ಬೆಳಿಗ್ಗೆ ಒಂದು ಗಂಟೆ ವಾಕ್ ಮುಗಿಸಿ ಉಳಿದ ದಿನವೆಲ್ಲ ಕೂತಿರುವುದಕ್ಕಿಂತ ನನಗೆ ಇದೇ ಒಗ್ಗಿತು.

ತಟ್ಟೆಯಲ್ಲಿ ಬದಲಾದದ್ದು ಸರದಿ. ಮೊದಲು ತರಕಾರಿ, ಅದೂ ಅರ್ಧ ತಟ್ಟೆ. ಆಮೇಲೆ ಕಾಳು ಅಥವಾ ಮೊಟ್ಟೆ. ಅನ್ನವೋ ಬ್ರೆಡ್ಡೋ ಕೊನೆಗೆ. ಅಷ್ಟು ಹೊತ್ತಿಗೆ ಹೊಟ್ಟೆ ಮುಕ್ಕಾಲು ತುಂಬಿರುತ್ತದೆ, ಬಲವಂತ ಇಲ್ಲದೆ ತಾನೇ ಕಮ್ಮಿಯಾಗುತ್ತದೆ. ಜೊತೆಗೆ ಕೂತು ಉಣ್ಣುವವರು ನಗುತ್ತಾರೆ. ನಗಲಿ ಬಿಡಿ.

ನಿದ್ದೆಗೆಟ್ಟ ರಾತ್ರಿಯ ಮರುದಿನ ಖಾಲಿ ಹೊಟ್ಟೆಯ ಅಂಕಿ ಮೇಲೇರುವುದನ್ನೂ ನೋಡಿದೆ. ಅಲ್ಲಿಂದ ಮಲಗುವ ಹೊತ್ತಿನಲ್ಲಿ ರಾಜಿ ಇಲ್ಲ.

ಇದೆಲ್ಲ ಸುಮ್ನೆ ಸಮಾಧಾನಕ್ಕೆ ಮಾಡುವುದಾ ಅನ್ನಿಸಿದಾಗ ನನಗೆ ಧೈರ್ಯ ಕೊಟ್ಟದ್ದು ಅಮೆರಿಕದ ಡಯಾಬಿಟಿಸ್ ಪ್ರಿವೆನ್ಷನ್ ಪ್ರೋಗ್ರಾಂ ಎಂಬ ಅಧ್ಯಯನ. 2002ರಲ್ಲಿ ಅದರ ಫಲಿತಾಂಶ ಬಂತು. ತೂಕ ಶೇ. 7ರಷ್ಟು ಇಳಿಸುವುದು, ವಾರಕ್ಕೆ 150 ನಿಮಿಷ ನಡಿಗೆಯಂಥ ವ್ಯಾಯಾಮ ಮಾಡುವುದು, ಇಷ್ಟೇ ಗುರಿ. ಹಾಗೆ ನಡೆದುಕೊಂಡವರಲ್ಲಿ ಸಕ್ಕರೆ ಕಾಯಿಲೆ ಬರುವುದು ಶೇ. 58ರಷ್ಟು ತಗ್ಗಿತ್ತು. ಸಕ್ಕರೆ ತಗ್ಗಿಸುವ ಮೆಟ್‌ಫಾರ್ಮಿನ್ ಮಾತ್ರೆ ನುಂಗಿದವರಲ್ಲಿ ತಗ್ಗಿದ್ದು ಶೇ. 31.

ಎಚ್‌ಬಿಎ1ಸಿ ಪರೀಕ್ಷೆಗೆ ಪದೇಪದೇ ಓಡಬೇಡಿ. ಅದು ಅಳೆಯುವುದು ಕೆಂಪು ರಕ್ತಕಣದಲ್ಲಿ ಅಂಟಿದ ಸಕ್ಕರೆಯನ್ನು, ಆ ಕಣದ ಆಯಸ್ಸು ಸುಮಾರು 120 ದಿನ. ಹಾಗಾಗಿ ನೀವು ಮಾಡಿದ್ದು ಅಂಕಿಯಲ್ಲಿ ಕಾಣಲು ಮೂರು ತಿಂಗಳು ಬೇಕು. ಕಬ್ಬಿಣದ ಕೊರತೆ ಇದ್ದರೆ ಅಂಕಿ ಹೆಚ್ಚು ತೋರಿಸಬಹುದು, ಡಾಕ್ಟರಿಗೆ ಮೊದಲೇ ಹೇಳಿ. ನನ್ನದು ಈಗ 5.8. ಇನ್ನೂ ಪ್ರಿಡಯಾಬಿಟಿಸ್ ಗೆರೆಯೊಳಗೇ ಇದೆ, ಹಾಗಾಗಿ ಮೀಟರನ್ನು ಕಪಾಟಿಗೆ ಸೇರಿಸಿಲ್ಲ.