ಕೆರೆ ಮೀನಿನ ಎಣ್ಣೆ ಕಮಟಾಗದಂತೆ

ಸೂಳೆಕೆರೆಯದಿರಲಿ, ಹರಿಹರದ ಹೊಳೆಯದಿರಲಿ, ಕಾಟ್ಲಾ, ರೋಹು ಮನೆಗೆ ಬಂದ ಮೇಲೆ ಅದರ ಸತ್ವ ಉಳಿಯುವುದು ಅಡುಗೆ ಮಾಡುವವರ ಕೈಯಲ್ಲಿದೆ. ಮಸಾಲೆ ಹೇಗೆ ಅರೆಯಬೇಕು ಅಂತ ಎಲ್ಲರೂ ಹೇಳಿಕೊಡುತ್ತಾರೆ. ನಾನು ಮೀನಿನ ಒಳಗಿರುವ ಎಣ್ಣೆಯ ಬಗ್ಗೆ ಹೇಳುತ್ತೇನೆ.

ಮೀನಿನ ಕೊಬ್ಬು ಬಹಳ ನಾಜೂಕು. ತಣ್ಣೀರಿನಲ್ಲೂ ಅದು ಗಟ್ಟಿಯಾಗದೆ ಎಣ್ಣೆಯಾಗಿಯೇ ಇರುತ್ತದೆ. ನಮ್ಮ ಮೈಗೆ ಅದು ಒಳ್ಳೆಯದಾಗಿರುವುದೂ ಅದಕ್ಕೇ, ಗಾಳಿ ತಗುಲಿದರೆ ಬೇಗ ಕಮಟಾಗುವುದೂ ಅದಕ್ಕೇ. ಹಾಗಾದರೆ ಬದುಕಿರುವ ಮೀನಿನಲ್ಲಿ ಯಾಕೆ ಕೆಡುವುದಿಲ್ಲ? ಅದರ ಮೈಯಲ್ಲೇ ಕಾವಲಿದೆ. ಕೊಬ್ಬಿನ ಜೊತೆ ವಿಟಮಿನ್ ಇ ಇರುತ್ತದೆ. ನೀರಿನಂಶದಲ್ಲಿ ವಿಟಮಿನ್ ಸಿ, ಗ್ಲುಟಾಥಯೋನ್ ಇರುತ್ತವೆ. ಕ್ಯಾಟಲೇಸ್‌ನಂಥ ಕಿಣ್ವಗಳೂ ಇವೆ. ಆಂಟಿಆಕ್ಸಿಡೆಂಟ್ ಅಂತ ಪೇಪರಿನಲ್ಲಿ ಓದುತ್ತೇವಲ್ಲ, ಅವು ಇವೇ. ವಿಟಮಿನ್ ಇ ಮೀನು ತಾನಾಗಿ ಮಾಡಿಕೊಳ್ಳುವುದಿಲ್ಲ. ಪಾಚಿ, ನೀರಿನ ಸಣ್ಣ ಹುಳ ತಿಂದು ಪಡೆಯುತ್ತದೆ. ಸತ್ತ ಮೇಲೆ ಹೊಸದು ಬರುವ ದಾರಿಯೇ ಇಲ್ಲ. ಇದ್ದದ್ದು ಗಂಟೆ ಗಂಟೆಗೂ ಖರ್ಚಾಗುತ್ತಾ ಹೋಗುತ್ತದೆ. ನಮ್ಮ ದಾವಣಗೆರೆಯ ಏಪ್ರಿಲ್ ಬಿಸಿಲಲ್ಲಂತೂ ಇನ್ನೂ ಜಾಸ್ತಿ. ಬೇಸಿಗೆಯಲ್ಲಿ ಬೆಳಿಗ್ಗೆಯೇ ತನ್ನಿ, ಐಸ್ ಹಾಕಿಸಿಕೊಂಡು ಬನ್ನಿ. ಕಿವಿರು ಕೆಂಪಗಿರಬೇಕು, ಬೆರಳಲ್ಲಿ ಒತ್ತಿದರೆ ಮಾಂಸ ಮತ್ತೆ ಮೇಲೇಳಬೇಕು.

ಒಂದು ತುಂಡನ್ನು ಬೆಳಕಿಗೆ ಹಿಡಿದು ನೋಡಿ. ಬಿಳಿ ಮಾಂಸದ ಪಕ್ಕದಲ್ಲಿ, ಚರ್ಮದ ಕೆಳಗೆ, ಕಂದುಗೆಂಪು ಪಟ್ಟೆ ಒಂದು ಕಾಣುತ್ತದೆ. ಅಲ್ಲಿ ಎಣ್ಣೆಯೂ ಜಾಸ್ತಿ, ಕಬ್ಬಿಣದಂಶವೂ ಜಾಸ್ತಿ. ಕಬ್ಬಿಣದಂಶ ಎಣ್ಣೆ ಕೆಡುವುದನ್ನು ಜೋರು ಮಾಡುತ್ತದೆ. ಹಾಗಾಗಿ ಮೊದಲು ಹಾಳಾಗುವುದು ಈ ಪಟ್ಟೆಯೇ. ಮೀನು ತಾಜಾ ಇದ್ದಾಗ ಅದು ಕೆಂಪಗೆ ಹೊಳೆಯುತ್ತದೆ, ಹಳತಾದರೆ ಮಂಕಾಗಿ ಕಂದಾಗುತ್ತದೆ. ರಕ್ತದ ಕಥೆಯೂ ಇದೇ. ಕಿವಿರು ಪೂರ್ತಿ ತೆಗೆಸಿ. ಹೊಟ್ಟೆಯೊಳಗೆ ಬೆನ್ನುಮೂಳೆಗೆ ಅಂಟಿಕೊಂಡ ಕಪ್ಪುರಕ್ತವನ್ನು ಹೆಬ್ಬೆರಳ ಉಗುರಲ್ಲಿ ಕೆರೆದು ತಣ್ಣೀರಲ್ಲಿ ತೊಳೆಯಿರಿ. ಅಂಗಡಿಯವರು ಅವಸರದಲ್ಲಿ ಇದನ್ನು ಬಿಟ್ಟುಬಿಡುತ್ತಾರೆ. ಸಂಜೆಗೆ ನಾರುವುದು ಬಹುಪಾಲು ಇದರಿಂದಲೇ.

ಸ್ವಚ್ಛ ಮಾಡುವಾಗ ಹಸಿರು ಪಿತ್ತಕೋಶ ಒಡೆಯದಂತೆ ತೆಗೆಯಿರಿ. ಮೈಗೆ ಒಳ್ಳೆಯದು ಅಂತ ಅದನ್ನು ಹಸಿಯಾಗಿ ನುಂಗುವವರಿದ್ದಾರೆ. ದಯವಿಟ್ಟು ಯಾರೂ ಮಾಡಬೇಡಿ, ಮನೆಯಲ್ಲಿ ಯಾರಾದರೂ ಮಾಡಲು ಹೊರಟರೆ ತಡೆಯಿರಿ. ರೋಹು, ಕಾಟ್ಲಾ, ಹುಲ್ಲುಗೆಂಡೆ ಜಾತಿಯ ಮೀನಿನ ಪಿತ್ತದಲ್ಲಿ ವಿಷದಂಶ ಇದೆ. ಕಿಡ್ನಿ ನಿಂತುಹೋಗಿ ಡಯಾಲಿಸಿಸ್‌ವರೆಗೆ ಹೋದವರಿದ್ದಾರೆ. ಬೇಯಿಸಿದರೂ ಆ ವಿಷ ಹೋಗುವುದಿಲ್ಲ.

ಉಳಿದ ಮೀನನ್ನು ಫ್ರೀಜರ್‌ಗೆ ಹಾಕಿದರೆ ಮುಗಿಯಿತು ಅಂದುಕೊಳ್ಳಬೇಡಿ. ಹಿಮದಲ್ಲಿ ಕೊಳೆಯುವುದು ನಿಂತರೂ ಕಮಟಾಗುವುದು ಪೂರ್ತಿ ನಿಲ್ಲುವುದಿಲ್ಲ. ಗಾಳಿ ತಾಗದಂತೆ ನೋಡಿಕೊಳ್ಳಬೇಕು, ಅಷ್ಟೇ. ತುಂಡುಗಳನ್ನು ಡಬ್ಬಿಯಲ್ಲಿಟ್ಟು ಮುಳುಗುವಷ್ಟು ತಣ್ಣೀರು ಹಾಕಿ ಹಾಗೇ ಹೆಪ್ಪುಗಟ್ಟಿಸಿ. ಸುತ್ತ ಐಸ್ ಕಟ್ಟಿದರೆ ಗಾಳಿ ಸೋಕುವುದಿಲ್ಲ. ಇದಕ್ಕೆ ಉಪ್ಪು ಮಾತ್ರ ಸವರಬೇಡಿ, ಉಪ್ಪು ಎಣ್ಣೆಯನ್ನು ಬೇಗ ಕೆಡಿಸುತ್ತದೆ. ಉಪ್ಪು, ಖಾರ ಹಚ್ಚುವುದು ಅವತ್ತೇ ಬೇಯಿಸುವ ತುಂಡಿಗೆ. ಕೊಬ್ಬು ಜಾಸ್ತಿ ಇರುವ ಮೀನನ್ನು ಹೆಪ್ಪುಗಟ್ಟಿಸಿದ್ದರೂ 2 ತಿಂಗಳೊಳಗೆ ಖರ್ಚು ಮಾಡಿ. ಡಬ್ಬಿ ಮೇಲೆ ತಾರೀಕು ಬರೆದಿಡಿ.

ಮಣ್ಣಿನ ವಾಸನೆ ಬೇರೆ, ಕಮಟು ವಾಸನೆ ಬೇರೆ. ಮಣ್ಣಿನದು ಕೆರೆ ನೀರಿನಿಂದ ಬಂದದ್ದು, ಹುಣಸೆರಸದಲ್ಲಿ ಸ್ವಲ್ಪ ಹೊತ್ತು ನೆನೆಸಿದರೆ ತಗ್ಗುತ್ತದೆ. ಕಮಟು ಬಂದದ್ದನ್ನು ಯಾವ ಮಸಾಲೆಯೂ ಸರಿ ಮಾಡುವುದಿಲ್ಲ, ಚೆಲ್ಲಿಬಿಡಿ.

ನಾನಂತೂ ಸಾರಿನ ಪರ. ಕರಿದರೆ ರುಚಿ ಹೌದು, ಆದರೆ ಕಾದ ಎಣ್ಣೆಯಲ್ಲಿ ವಿಟಮಿನ್ ಇ ಸಾಕಷ್ಟು ಹೋಗಿಬಿಡುತ್ತದೆ. ಒಮ್ಮೆ ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸಿದರೆ ಆ ಎಣ್ಣೆಯೇ ಕೆಟ್ಟಿರುತ್ತದೆ, ಅಲ್ವಾ? ಸಾರಿನಲ್ಲಿ ಮೀನಿನಿಂದ ಬಿಟ್ಟುಕೊಂಡದ್ದು ರಸದಲ್ಲೇ ಉಳಿಯುತ್ತದೆ. ಅದನ್ನು ಮುದ್ದೆ, ಜೋಳದ ರೊಟ್ಟಿ ಜೊತೆ ನಾವು ತಿನ್ನುತ್ತೇವಲ್ಲ. ಅರಿಶಿನ, ಬೆಳ್ಳುಳ್ಳಿ, ಧನಿಯಾದಲ್ಲೂ ಎಣ್ಣೆ ಕಾಯುವ ಗುಣ ಇದೆ, ಜಿಪುಣತನ ಬೇಡ. ಹುಣಸೆ ಹಾಕಿದ ಸಾರನ್ನು ಅಲ್ಯೂಮಿನಿಯಂ ಪಾತ್ರೆಯಲ್ಲಿ ಇಡಬೇಡಿ, ಮಣ್ಣಿನ ಮಡಕೆ ಅಥವಾ ಸ್ಟೀಲ್ ಒಳ್ಳೆಯದು. ಮರುದಿನಕ್ಕೆ ಉಳಿಸುವುದಾದರೆ ತುಂಡುಗಳು ಸಾರಿನಲ್ಲಿ ಮುಳುಗಿರಲಿ, ಆರಿದ ಕೂಡಲೇ ಫ್ರಿಜ್‌ಗೆ ಹೋಗಲಿ. ಬೇಕಾದಷ್ಟನ್ನೇ ತೆಗೆದು ಒಂದು ಸಲ ಚೆನ್ನಾಗಿ ಕುದಿಸಿ.