ಮಾಹಿತಿ ಹಕ್ಕು ಅರ್ಜಿ ಬರೆಸುವಾಗ ಎಐಗೆ ನಾನು ಏನೇನು ಹೇಳುತ್ತೇನೆ

ನಮ್ಮೂರಲ್ಲಿ ಪಂಚಾಯಿತಿಯಿಂದ ಯಾವುದಾದರೂ ದಾಖಲೆ ಬೇಕಾದವರು ಅರ್ಜಿ ಬರೆಸಿಕೊಳ್ಳಲು ನನ್ನ ಹತ್ತಿರ ಬರುತ್ತಾರೆ. ಮೊದಲೆಲ್ಲ ಕೈಯಲ್ಲೇ ಬರೆದುಕೊಡುತ್ತಿದ್ದೆ. ಈಗ ಕರಡಿಗೆ ಚಾಟ್‌ಜಿಪಿಟಿಯನ್ನೋ ಜೆಮಿನಿಯನ್ನೋ ಬಳಸುತ್ತೇನೆ. ಯಾವುದನ್ನೇ ಬಳಸಿ, "ರಸ್ತೆ ಕಾಮಗಾರಿ ಬಗ್ಗೆ ಆರ್‌ಟಿಐ ಅರ್ಜಿ ಬರೆದುಕೊಡು" ಅಂತ ಒಂದೇ ಸಾಲು ಹಾಕಿದರೆ ಬರುವ ಅರ್ಜಿ ನೋಡೋಕೆ ಚೆನ್ನಾಗಿರುತ್ತದೆ, ಕಚೇರಿಯಲ್ಲಿ ನಿಲ್ಲುವುದಿಲ್ಲ.

ಯಾಕೆಂದರೆ ಅದು ಎರಡು ಪುಟ ಇರುತ್ತದೆ. ರಸ್ತೆಯ ಜೊತೆ ಚರಂಡಿ, ಬೀದಿ ದೀಪವನ್ನೂ ಸೇರಿಸಿರುತ್ತದೆ. "ರಸ್ತೆ ಇಷ್ಟು ಬೇಗ ಯಾಕೆ ಕಿತ್ತುಹೋಯಿತು? ಹೊಣೆ ಯಾರು?" ಅಂತ ಕೇಳಿರುತ್ತದೆ. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, ಸಾಮಾನ್ಯವಾಗಿ 150 ಪದ ದಾಟಬಾರದು. 2005ರ ಮಾಹಿತಿ ಹಕ್ಕು ಕಾಯ್ದೆಯ ಕಲಂ 2(ಎಫ್) ಪ್ರಕಾರ ಮಾಹಿತಿ ಅಂದರೆ ದಾಖಲೆ, ಆದೇಶ, ವರದಿ, ಹೀಗೆ ಕಚೇರಿಯಲ್ಲಿ ಈಗಾಗಲೇ ಇರುವಂಥದ್ದು. "ಯಾಕೆ" ಅಂತ ಕೇಳಿದರೆ, ಇದು ಮಾಹಿತಿಯ ವ್ಯಾಪ್ತಿಗೆ ಬರುವುದಿಲ್ಲ ಅಂತ ಅಧಿಕಾರಿ ಒಂದು ಸಾಲು ಬರೆದು ಕೈ ತೊಳೆದುಕೊಳ್ಳಬಹುದು. "ಅಳತೆ ಪುಸ್ತಕದ ಪ್ರತಿ ಕೊಡಿ" ಅಂದರೆ ಹಾಗೆ ಮಾಡುವುದು ಕಷ್ಟ. ಅಳತೆ ಪುಸ್ತಕ ಅಂದರೆ ನಡೆದ ಕಾಮಗಾರಿಯ ಅಳತೆ ಬರೆದಿಡುವ ಪುಸ್ತಕ.

ಇದೆಲ್ಲ ನನಗೆ ಗೊತ್ತು. ನಾನು ಹೇಳದಿದ್ದರೆ ಎಐ ಇದನ್ನು ಲೆಕ್ಕಕ್ಕೆ ತಗೊಳ್ಳುವುದಿಲ್ಲ. "ನೀನು ಅನುಭವಿ ವಕೀಲ" ಅಂತ ಶುರು ಮಾಡಿ ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ನಾನು ನೋಡಿದಂತೆ ಅದರಿಂದ ದೊಡ್ಡ ದೊಡ್ಡ ಪದ ಜಾಸ್ತಿಯಾಗುತ್ತವೆ, ಅಷ್ಟೇ. ಓದುವವರು ಯಾರು, ಏನು ಬೇಕು, ಏನು ಬೇಡ ಅನ್ನುವುದನ್ನು ಬಿಡಿಸಿ ಹೇಳಿದಾಗಲೇ ಕೆಲಸ ಆಗುವುದು. ಈಚೆಗೆ ಒಂದು ಅರ್ಜಿಗೆ ನಾನು ಬರೆದದ್ದು ಹೀಗಿತ್ತು:

"ಕರ್ನಾಟಕದ ಒಂದು ಗ್ರಾಮ ಪಂಚಾಯಿತಿಗೆ ಮಾಹಿತಿ ಹಕ್ಕು ಅರ್ಜಿ ಬೇಕು. ಓದುವವರು ಪಿಡಿಒ, ಅವರೇ ಸಾರ್ವಜನಿಕ ಮಾಹಿತಿ ಅಧಿಕಾರಿ. ವಿಷಯ: 2023-24ರಲ್ಲಿ ಮುಗಿದಿದೆ ಅಂತ ಫಲಕ ಹಾಕಿರುವ, ಶಾಲೆಯಿಂದ ಕೆರೆ ಏರಿವರೆಗಿನ ಸಿಸಿ ರಸ್ತೆ. ಬೇಕಾದ ದಾಖಲೆ: ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಪುಟಗಳು, ಪಾವತಿಯಾದ ಬಿಲ್ಲುಗಳು. ದೃಢೀಕರಿಸಿದ ಪ್ರತಿಗಳನ್ನೇ ಕೇಳು. ಕಾರಣ ಕೇಳಬೇಡ, ಆರೋಪ ಮಾಡಬೇಡ. ನಿಯಮದ ಪಠ್ಯವನ್ನೂ ಒಂದು ಹಳೆಯ ಅರ್ಜಿಯನ್ನೂ ಕೆಳಗೆ ಹಾಕಿದ್ದೇನೆ. ಭಾಷೆ ಆ ಅರ್ಜಿಯ ಹಾಗೇ ಇರಲಿ. ನಾನು ಕೊಡದ ಕಲಂ, ತೀರ್ಪು, ದಿನಾಂಕ ಯಾವುದನ್ನೂ ಸೇರಿಸಬೇಡ. ಬರೆಯುವ ಮೊದಲು ಏನಾದರೂ ತಿಳಿಯಬೇಕಿದ್ದರೆ ನನ್ನನ್ನು ಕೇಳು."

ಇದರಲ್ಲಿ ನನಗೆ ಅತಿ ಹೆಚ್ಚು ಉಪಯೋಗವಾಗುವುದು ಕೊನೆಯ ಸಾಲು. ಆವತ್ತು ಅದು ಕೇಳಿದ ಪ್ರಶ್ನೆ: ಈ ಕಾಮಗಾರಿಯ ಹಣ ನರೇಗಾದ್ದೋ, ಹಣಕಾಸು ಆಯೋಗದ ಅನುದಾನದ್ದೋ, ಶಾಸಕರ ನಿಧಿಯದ್ದೋ? ಸರಿಯಾದ ಪ್ರಶ್ನೆ ಅಲ್ವಾ? ಹಣ ಎಲ್ಲಿಂದ ಬಂತು ಅನ್ನುವುದರ ಮೇಲೆ ಕಡತ ಯಾವ ಕಚೇರಿಯಲ್ಲಿದೆ ಅನ್ನುವುದು ನಿಂತಿರುತ್ತದೆ. ಬೇರೆ ಕಚೇರಿಗೆ ಕೊಟ್ಟರೂ ಕಲಂ 6(3)ರ ಪ್ರಕಾರ 5 ದಿನದೊಳಗೆ ವರ್ಗಾಯಿಸಬೇಕು, ನಿಜ. ಆದರೂ ನೇರವಾಗಿ ಸರಿಯಾದ ಜಾಗಕ್ಕೇ ಕೊಡುವುದು ವಾಸಿ. ಅರ್ಜಿದಾರರು ಹೋಗಿ ಫಲಕ ನೋಡಿಕೊಂಡು ಬಂದರು, ಆಮೇಲೆ ಕರಡು ಮಾಡಿಸಿದೆ.

ಹಳೆಯ ಅರ್ಜಿ ಹಾಕುವುದು ಭಾಷೆಗಾಗಿ. "ಸರಳ ಕನ್ನಡದಲ್ಲಿ ಬರೆ" ಅಂದರೆ "ಪಡೆಯಲು ಇಚ್ಛಿಸುತ್ತಿದ್ದು, ತಾವು ಒದಗಿಸುವಿರೆಂದು ಆಶಿಸುತ್ತೇನೆ" ಅಂತಲೇ ಬರುತ್ತಿತ್ತು. ಒಂದು ಮಾದರಿ ಕಣ್ಣೆದುರು ಇಟ್ಟರೆ ಆ ಧಾಟಿ ಹಿಡಿಯುತ್ತದೆ. ನಿಯಮದ ಪಠ್ಯ ಹಾಕುವುದಕ್ಕೆ ಕಾರಣ ಬೇರೆ. ಕಾನೂನನ್ನು ನೆನಪಿನಿಂದ ಹೇಳು ಅಂದರೆ ಎಐ ಇಲ್ಲದ್ದನ್ನೂ ಧೈರ್ಯವಾಗಿ ಹೇಳುತ್ತದೆ. ಚಾಟ್‌ಜಿಪಿಟಿ ಹುಟ್ಟಿಸಿದ, ಎಲ್ಲೂ ಇಲ್ಲದ ತೀರ್ಪುಗಳನ್ನು ಕೋರ್ಟಿಗೆ ಕೊಟ್ಟಿದ್ದಕ್ಕೆ 2023ರಲ್ಲಿ ನ್ಯೂಯಾರ್ಕ್‌ನಲ್ಲಿ ವಕೀಲರಿಗೆ 5,000 ಡಾಲರ್ ದಂಡ ಬಿತ್ತು. ವಕೀಲರ ಪಾಡೇ ಹಾಗಾದರೆ, ನನ್ನನ್ನು ನಂಬಿ ಬರುವವರ ಅರ್ಜಿಯಲ್ಲಿ ಸುಳ್ಳು ಕಲಂ ಇರಬಾರದು ಅಂತ ನಾನು ಎಷ್ಟು ಎಚ್ಚರವಾಗಿರಬೇಕು!

150 ಪದದ ಮಿತಿಯನ್ನು ಹೇಳುತ್ತೇನೆ, ಆದರೆ ಎಐ ಮಾಡುವ ಎಣಿಕೆಯನ್ನು ನಂಬುವುದಿಲ್ಲ. ಈ ಎಐಗಳು ಪಠ್ಯವನ್ನು ಪದವಾಗಿ ನೋಡುವುದಿಲ್ಲ, ಸಣ್ಣ ಸಣ್ಣ ತುಣುಕು ಮಾಡಿಕೊಂಡು ನೋಡುತ್ತವೆ. ಕನ್ನಡದ ಒಂದೊಂದು ಪದವೂ ಹಲವು ತುಣುಕಾಗುತ್ತದೆ. ಹಾಗಾಗಿ ವರ್ಡ್‌ನಲ್ಲಿ ಹಾಕಿ ನಾನೇ ಎಣಿಸುತ್ತೇನೆ.

ಕರಡು ಬಂದ ಮೇಲೆ ಹೊಸ ಚಾಟ್ ತೆರೆದು ಅದನ್ನು ಅಲ್ಲಿ ಹಾಕುತ್ತೇನೆ. "ಮಾಹಿತಿ ಕೊಡಲು ಇಷ್ಟವಿಲ್ಲದ ಅಧಿಕಾರಿ ಈ ಅರ್ಜಿಯಲ್ಲಿ ಎಲ್ಲೆಲ್ಲಿ ನುಣುಚಿಕೊಳ್ಳಬಹುದು? ಆ ಪದಗಳನ್ನು ಮಾತ್ರ ತೋರಿಸು" ಅಂತ ಕೇಳುತ್ತೇನೆ. ಹಳೆಯ ಚಾಟ್‌ನಲ್ಲೇ ಕೇಳಿದರೆ ಚೆನ್ನಾಗಿದೆ ಅನ್ನುವುದೇ ಜಾಸ್ತಿ. ಆ ರಸ್ತೆಯ ಅರ್ಜಿಯಲ್ಲಿ ಅದು ಹಿಡಿದದ್ದು "ಸಂಬಂಧಪಟ್ಟ ಇತರೆ ದಾಖಲೆಗಳು" ಅನ್ನುವುದನ್ನು. ಯಾವುದು ಅಂತ ಸ್ಪಷ್ಟವಿಲ್ಲ ಅಂದುಬಿಡಲು ಅಷ್ಟು ಸಾಕು. ತೆಗೆದುಹಾಕಿದೆ.

ಅರ್ಜಿದಾರರ ಹೆಸರು, ವಿಳಾಸ, ಫೋನ್ ನಂಬರ್ ಎಐಗೆ ಕೊಡುವುದೇ ಇಲ್ಲ. ಆ ಜಾಗ ಖಾಲಿ ಬಿಡಿಸಿ, ಪ್ರಿಂಟ್ ತೆಗೆದ ಮೇಲೆ ಪೆನ್ನಲ್ಲಿ ತುಂಬಿಸುತ್ತೇನೆ. 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಕಳಿಸಿದರೆ 30 ದಿನದೊಳಗೆ ಉತ್ತರ ಬರಬೇಕು. ಬರದಿದ್ದರೆ ಮೊದಲ ಮೇಲ್ಮನವಿ. ಅದಕ್ಕೂ ಇದೇ ಕ್ರಮ: ಮೂಲ ಅರ್ಜಿ, ಕಲಂ 19(1)ರ ಪಠ್ಯ, ಅರ್ಜಿ ತಲುಪಿದ ದಿನಾಂಕ, ಎಲ್ಲವನ್ನೂ ನಾನೇ ಒದಗಿಸಿ, ಅಷ್ಟರಲ್ಲೇ ಬರೆಯಲು ಹೇಳುತ್ತೇನೆ.