ಕಳೆಯುವ ಲೆಕ್ಕಕ್ಕೆ ಕಡ್ಡಿ ಕಟ್ಟು

ಕೂಡುವುದರಲ್ಲಿ ಚುರುಕಾಗಿರುವ ಮಗುವೂ ಎರಡನೇ, ಮೂರನೇ ತರಗತಿಯಲ್ಲಿ ಒಂದು ಕಡೆ ಮುಗ್ಗರಿಸುತ್ತದೆ: ದಶಕ ತೆಗೆದು ಕಳೆಯುವ ಲೆಕ್ಕ. 53ರಲ್ಲಿ 26 ಕಳೆ ಎಂದರೆ 33 ಎಂದು ಬರೆದಿರುತ್ತದೆ. ಮನೆಯವರು ‘ಗಮನವೇ ಇಲ್ಲ’ ಎಂದು ಬೈದು ಇನ್ನೂ ಇಪ್ಪತ್ತು ಲೆಕ್ಕ ಕೊಡುತ್ತಾರೆ. ಇಪ್ಪತ್ತೂ ಅದೇ ರೀತಿ ತಪ್ಪಾಗುತ್ತವೆ. ಮಗು ಮರೆತಿಲ್ಲ, ತಾನೇ ಕಟ್ಟಿಕೊಂಡ ಒಂದು ನಿಯಮವನ್ನು ಶ್ರದ್ಧೆಯಿಂದ ಪಾಲಿಸುತ್ತಿದೆ. ಆ ನಿಯಮ ಯಾವುದೆಂದು ಗೊತ್ತಾಗದೆ ಪಾಠ ಶುರು ಮಾಡಬೇಡಿ.

ತಪ್ಪನ್ನು ಓದುವುದು

ನಾಲ್ಕೇ ಲೆಕ್ಕ ಕೊಡಿ: 58−23, 53−26, 60−24, 71−38. ಮಧ್ಯೆ ಬಾಯಿ ಹಾಕಬೇಡಿ, ತಿದ್ದಲೂ ಬೇಡಿ. 53−26ಕ್ಕೆ 33 ಬಂದರೆ ಮಗು ಮೇಲೆ-ಕೆಳಗೆ ನೋಡದೆ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದೆ (6−3). 37 ಬಂದರೆ ದಶಕ ತಂದಿದೆ, ಆದರೆ 5 ಅನ್ನು 4 ಮಾಡಿಲ್ಲ. ಇವೆರಡೂ ಬೇರೆ ಬೇರೆ ಕಾಯಿಲೆ. ಮೊದಲನೆಯದಕ್ಕೆ ಕಡ್ಡಿಯಿಂದಲೇ ಶುರು ಮಾಡಬೇಕು. ಎರಡನೆಯದಕ್ಕೆ ಬರೆಯುವ ಕ್ರಮ ಸರಿಪಡಿಸಿದರೆ ಬಹುಪಾಲು ಸಾಕು. 53−26 ಸರಿಯಾಗಿದ್ದೂ 60−24ಕ್ಕೆ 44 ಅಥವಾ 40 ಬಂದರೆ ಸೊನ್ನೆ ಕಂಡು ಕಂಗಾಲಾಗಿದೆ ಎಂದರ್ಥ.

ಇಲ್ಲೊಂದು ಎಚ್ಚರಿಕೆ. ಪರೀಕ್ಷಿಸಲು 52−27ರಂಥ ಲೆಕ್ಕ ಕೊಡಬೇಡಿ. 7−2 ಎಂದರೂ 5, 12−7 ಎಂದರೂ 5. ಎರಡೂ ತಪ್ಪಿಗೆ ಉತ್ತರ 35ಏ ಬರುತ್ತದೆ, ಯಾವ ತಪ್ಪೆಂದು ತಿಳಿಯುವುದೇ ಇಲ್ಲ. ದಶಕ ತೆಗೆಯಬೇಕಾದ ಲೆಕ್ಕದಲ್ಲಿ ಬಿಡಿ ಸ್ಥಾನದ ಅಂಕಿಗಳ ನಡುವೆ 5ರ ಅಂತರ ಇರಬಾರದು.

ಬೇಕಾಗುವ ಸಾಮಾನು

ತೆಂಗಿನ ಪೊರಕೆಯ ಕಡ್ಡಿಯನ್ನು ಬೆರಳುದ್ದಕ್ಕೆ ಕತ್ತರಿಸಿದ 100 ತುಂಡು, 10 ರಬ್ಬರ್ ಬ್ಯಾಂಡ್, ‘ಹತ್ತು’ ಮತ್ತು ‘ಬಿಡಿ’ ಎಂದು ಎರಡು ಮನೆ ಬರೆದ ಹಳೆಯ ಕ್ಯಾಲೆಂಡರ್ ಹಾಳೆ, ಚೌಕುಳಿ ಗೆರೆಯ ನೋಟ್‌ಬುಕ್. ಹುಣಸೆ ಬೀಜ ಎಣಿಸುವುದಕ್ಕೆ ಚೆನ್ನ, ಇಲ್ಲಿ ಕೆಲಸಕ್ಕೆ ಬಾರದು, ಅದನ್ನು ಕಟ್ಟಲಾಗುವುದಿಲ್ಲ. ಹತ್ತತ್ತು ಎಣಿಸಿ ಕಟ್ಟು ಹಾಕುವ ಕೆಲಸ ಮಗುವೇ ಮಾಡಲಿ. ನೀವು ಕಟ್ಟಿಟ್ಟರೆ ಅದರೊಳಗೆ ಹತ್ತಿದೆ ಎಂಬ ನಂಬಿಕೆ ಮಗುವಿಗೆ ಬರುವುದಿಲ್ಲ.

ಕಟ್ಟು ಹಾಕುವಾಗ ಸಂಖ್ಯೆಯನ್ನು ಕನ್ನಡದಲ್ಲಿ ಹೇಳಿಸಿ. ಇಂಗ್ಲಿಷ್ ಮಾಧ್ಯಮದ ಮಗುವಾದರೆ ಇನ್ನೂ ಅಗತ್ಯ. ಐವತ್ತಮೂರು ಎಂದರೆ ಐದು ಹತ್ತು, ಮೂರು; ಸ್ಥಾನಬೆಲೆ ಹೆಸರಿನಲ್ಲೇ ಕುಳಿತಿದೆ. ಹಿಂದಿಯ ‘ತಿರಪನ್’ನಲ್ಲಿ ಈ ಅನುಕೂಲ ಇಲ್ಲ. ಇಪ್ಪತ್ತು ಎರಡರಿಂದ, ತೊಂಬತ್ತು ಒಂಬತ್ತಿನಿಂದ ಸ್ವಲ್ಪ ದೂರ ಹೋಗಿವೆ, ಅವನ್ನು ಬಿಡಿಸಿ ಹೇಳಿ.

ಕಟ್ಟು ಬಿಚ್ಚುವುದು

ಹಾಳೆಯ ಮೇಲೆ 5 ಕಟ್ಟು, 3 ಬಿಡಿ ಕಡ್ಡಿ ಇಡಿಸಿ. ‘ಬಿಡಿ ಮನೆಯಿಂದ ಆರು ಕೊಡು’ ಎಂದು ಕೈ ಚಾಚಿ. ಮೂರೇ ಇವೆ. ಸುಮ್ಮನಿರಿ. ದೊಡ್ಡವರಿಗೆ ಕಷ್ಟವಾಗುವ ಭಾಗ ಇದೇ. ಮಗು ನಿಮ್ಮ ಮುಖ ನೋಡುತ್ತದೆ, ಕಡ್ಡಿ ನೋಡುತ್ತದೆ, ಕೊನೆಗೆ ಒಂದು ಕಟ್ಟಿನ ರಬ್ಬರ್ ತೆಗೆಯುತ್ತದೆ. ಆ ಹತ್ತೂ ಕಡ್ಡಿ ಬಿಡಿ ಮನೆಗೆ ಬರಬೇಕು, ಅರ್ಧ ಹತ್ತರ ಮನೆಯಲ್ಲೇ ಉಳಿಯಬಾರದು.

ಈಗ ಕಳೆಯುವ ಮೊದಲು ಕೇಳಿ: ‘ಹಾಳೆ ಮೇಲೆ ಒಟ್ಟು ಎಷ್ಟು ಕಡ್ಡಿ?’ ಕೆಲವರು ಮೊದಲಿನಿಂದ ಎಣಿಸುತ್ತಾರೆ, ಕೆಲವರು 63 ಅನ್ನುತ್ತಾರೆ. ಕಟ್ಟು ಬಿಚ್ಚಿದರೂ 53 ಐವತ್ತಮೂರೇ, 4 ಹತ್ತು ಮತ್ತು 13 ಬಿಡಿ ಎಂದು ಎಣಿಸದೆ ಹೇಳುವವರೆಗೆ ಮುಂದೆ ಹೋಗಬೇಡಿ. ಇಡೀ ಪಾಠದ ಗಂಟು ಇಲ್ಲಿದೆ. ಆಮೇಲೆ 13ರಲ್ಲಿ 6, 4 ಕಟ್ಟಿನಲ್ಲಿ 2 ಎತ್ತಿದರೆ ಉಳಿಯುವುದು 27.

‘ಪಕ್ಕದ ಮನೆಯಿಂದ ಸಾಲ ತಾ’ ಎನ್ನುವ ರೂಢಿಯನ್ನು ಬಿಡುವುದು ಮೇಲು. ಸಾಲವಾದರೆ ತೀರಿಸಬೇಕಲ್ಲ, ಇಲ್ಲಿ ಯಾರೂ ತೀರಿಸುವುದಿಲ್ಲ. ‘ಕಟ್ಟು ಬಿಚ್ಚು’ ಎಂದರೆ ಕೈ ಮಾಡಿದ್ದನ್ನೇ ಬಾಯಿ ಹೇಳಿದಂತೆ.

ಮಗು 13−6ಕ್ಕೆ ಬೆರಳು ಎಣಿಸುತ್ತ ಎಲ್ಲಿದ್ದೆ ಎಂಬುದನ್ನೇ ಮರೆತರೆ ಕಡ್ಡಿ ಬದಿಗಿಟ್ಟು ಒಂದು ವಾರ 20ರ ಒಳಗಿನ ಲೆಕ್ಕ ಬಾಯಲ್ಲಿ ಮಾಡಿಸಿ: 13ರಿಂದ 3 ತೆಗೆದರೆ 10, ಇನ್ನೂ 3 ತೆಗೆದರೆ 7.

ಪೆನ್ಸಿಲ್ ಹಿಡಿಯುವುದು

ಕೈ ಒಂದು ಕೆಲಸ ಮಾಡಿದರೆ ಪೆನ್ಸಿಲ್ ಒಂದು ಕೆಲಸ. ಕಟ್ಟು ಬಿಚ್ಚಿದ ಮೇಲೆಯೇ 5 ಹೊಡೆದು 4, ಬಿಡಿಯ ಮೇಲೆ 13. ಮೊದಲು 4 ಬರೆಸಿ, ಆಮೇಲೆ 13. ಈ ಕ್ರಮ ರೂಢಿಯಾದರೆ 37 ಎಂಬ ತಪ್ಪು ಕಡಿಮೆಯಾಗುತ್ತದೆ. ಮೇಲೆ ಬರೆಯುವ 13 ಬಿಟ್ಟರೆ ಒಂದು ಚೌಕಕ್ಕೆ ಒಂದೇ ಅಂಕಿ. ದಿನಕ್ಕೆ 15 ನಿಮಿಷ, 5 ಲೆಕ್ಕ. ಅದರಲ್ಲಿ ಒಂದಾದರೂ 58−23ರಂತೆ ಕಟ್ಟು ಬಿಚ್ಚಬೇಕಿಲ್ಲದ್ದು ಇರಲಿ. ಇಲ್ಲದಿದ್ದರೆ ಮಗು ಎಲ್ಲದಕ್ಕೂ ಬಿಚ್ಚಿ, 18−3 ಮಾಡಿ, 215 ಎಂದು ಬರೆಯುತ್ತದೆ. ಪ್ರತಿ ಉತ್ತರವನ್ನೂ ಕೂಡಿ ತಾಳೆ ನೋಡಲಿ: 27ಕ್ಕೆ 26 ಸೇರಿದರೆ 53.

ನಡುವೆ ಸೊನ್ನೆ ಬಂದರೆ

403−158ಕ್ಕೆ ಕಡ್ಡಿ ಸಾಲದು, ದುಡ್ಡು ಬೇಕು: ನೂರರ 4, ಹತ್ತರ 10, ಒಂದು ರೂಪಾಯಿಯ 13. ಕಾಗದದ ಚೀಟಿಯಾದರೂ ನಡೆದೀತು. ಕಡ್ಡಿ ಗಟ್ಟಿಯಾಗುವ ಮೊದಲು ದುಡ್ಡಿಗೆ ಹಾರಬೇಡಿ. ಹತ್ತರ ನೋಟಿನೊಳಗೆ ಹತ್ತು ನಾಣ್ಯ ಕಣ್ಣಿಗೆ ಕಾಣುವುದಿಲ್ಲ. ಮೊದಲು 4 ನೂರು, 3 ನಾಣ್ಯ ಇಟ್ಟು ‘ಎಂಟು ರೂಪಾಯಿ ಚಿಲ್ಲರೆ ಕೊಡು’ ಅನ್ನಿ. ನೂರನ್ನು ನೇರವಾಗಿ ನಾಣ್ಯ ಮಾಡಿದರೆ ರಾಶಿ ಬೀಳುತ್ತದೆ. ಆದ್ದರಿಂದ ನೂರನ್ನು ಹತ್ತರ ಹತ್ತು ನೋಟಾಗಿ, ಅದರಲ್ಲಿ ಒಂದನ್ನು ಹತ್ತು ನಾಣ್ಯವಾಗಿ ಮುರಿಸಬೇಕು. ಮೇಜಿನ ಮೇಲೆ ಈಗ 3 ನೂರು, 9 ಹತ್ತು, 13 ಒಂದು. ಉತ್ತರ 245. ಮಗು 255 ಬರೆದರೆ ಒಂದು ಹತ್ತನ್ನು ಬಿಡಿಗೆ ಕೊಟ್ಟಿದ್ದು ಮರೆತು 9ರ ಜಾಗದಲ್ಲಿ 10 ಉಳಿಸಿಕೊಂಡಿದೆ. ಪುಸ್ತಕ ಮುಚ್ಚಿಸಿ, ಹತ್ತರ ನೋಟುಗಳನ್ನು ಇನ್ನೊಮ್ಮೆ ಎಣಿಸಲು ಹೇಳಿ.